ಬದಾಮನ ಮನೆತನ

ನಾನು ಹೆಳವರ ಮಗಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಯೂರಿ ಗೋವಿಂದಪ್ಪ ಹೆಳವರ ಎಂದು ನನ್ನ ಪೂರ್ತಿ ಹೆಸರು ಓದಿದ ಕೂಡಲೇ ಕೆಲವರ ಹುಬ್ಬು ಮೇಲೇರುತ್ತದೆ. ಹೆಳವ ಅಂದರೆ ಕುಂಟ ಅಲ್ಲವೇ ಎಂದು ಕೇಳಿದವರುಂಟು. ಊರೂರು ತಿರುಗಿ ಬೇಡುವವರಲ್ಲವೇ ಎಂದು ಕೇಳಿದವರೂ ಉಂಟು, ಅದೂ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ, ನಾನು ತರಿಸಿದ ಚಹಾ ಕುಡಿಯುತ್ತಾ. ಅಂಥವರಿಗೆ ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ: ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನ್ರಿ? ಅಲ್ಲಿಗೆ ಬಾಯಿ ಬಂದ್.

ನಮ್ಮಪ್ಪನಿಗೆ ಅದು ಗೊತ್ತಿರುತ್ತದೆ. ನಮ್ಮೂರು ಹೆಬ್ಬಳ್ಳಿಯಿಂದ ಸುಳ್ಳ ಎಂಬ ಊರಿನವರೆಗೆ ನೂರಾರು ಮನೆಗಳ ವಂಶ ಗೋವಿಂದಪ್ಪ ಹೆಳವನ ನಾಲಿಗೆಯ ಮೇಲಿದೆ. ಯಾವ ಮನೆಯ ಮೂಲಪುರುಷ ಯಾವ ಊರು ಬಿಟ್ಟು ಬಂದ, ಅವನ ಮಕ್ಕಳಲ್ಲಿ ಯಾರ ಕವಲು ಎಲ್ಲಿ ನೆಲೆ ನಿಂತಿತು, ಇವತ್ತು ಯಾರು ಯಾರಿಗೆ ಅಣ್ಣತಮ್ಮರಾಗಬೇಕು, ಯಾರು ಯಾರಿಗೆ ಹೆಣ್ಣು ಕೊಡುವಂತಿಲ್ಲ, ಎಲ್ಲವನ್ನೂ ಹಾಡಿದ ಹಾಗೆ ಹೇಳುತ್ತಾನೆ. ಮೊದಲು ಎತ್ತಿನ ಮೇಲೆ ಕೂತು ಹೋಗುತ್ತಿದ್ದ, ಈಗ ಬಸ್ಸಿನಲ್ಲಿ ಹೋಗುತ್ತಾನೆ. ಎತ್ತಿನಿಂದ ಇಳಿದನೆಂದು ಅವನ ದನಿಯೇನೂ ಇಳಿದಿಲ್ಲ.

ನಾನು ಧಾರವಾಡದ ಮಾಳಮಡ್ಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಾಣಿಗಳ ವರ್ಗೀಕರಣದ ಪಾಠ ಬಂತೆಂದರೆ ಉಳಿದ ಶಿಕ್ಷಕರು ಬೇಗ ಮುಗಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಮಾತ್ರ ಅದು ತವರಿಗೆ ಹೋದ ಹಾಗೆ. ಜಾತಿ, ಕುಟುಂಬ, ಗಣ ಎಂದು ಪುಸ್ತಕದವರು ಹೇಳುವುದನ್ನೇ ನಮ್ಮವರು ಮನೆತನ, ಬೆಡಗು, ಕವಲು ಎಂದು ಹೇಳುತ್ತಾ ಬಂದರು. ಕೆಲಸ ಒಂದೇ.

ಶಾಲೆಯ ಹತ್ತಿರ ನಿಜಾಮುದ್ದೀನ ಮಿಸ್ತ್ರಿಯ ಸ್ಕೂಟರ್ ಗ್ಯಾರೇಜಿದೆ, ಅದರ ಹಿಂದೆಯೇ ಮನೆ. ಅವನ ಮಗಳು ಬುಶ್ರಾ ನನ್ನ ಒಂಬತ್ತನೇ ಇಯತ್ತೆಯ ವಿದ್ಯಾರ್ಥಿನಿ. ಕಳೆದ ದೀಪಾವಳಿಯ ಹೊತ್ತಿಗೆ ನಿಜಾಮುದ್ದೀನನ ತಮ್ಮ ತನ್ವೀರ ಪುಣೆಯಿಂದ ಆ ಹುಡುಗಿಗೆಂದು ಫೆರೆಟ್ ಎಂಬ ವಿದೇಶಿ ಸಾಕುಪ್ರಾಣಿಯೊಂದನ್ನು ತಂದುಕೊಟ್ಟ. ಮೊಳದುದ್ದದ ಮೈ, ಗಿಡ್ಡ ಕಾಲು, ಬದಾಮಿ ಬಣ್ಣದ ಕೂದಲು, ಕಣ್ಣಿನ ಸುತ್ತ ಕಪ್ಪು ಪಟ್ಟಿ. ಬುಶ್ರಾ ಅದಕ್ಕೆ ಬದಾಮ ಎಂದೇ ಹೆಸರಿಟ್ಟಳು. ದಿನದ ಮುಕ್ಕಾಲು ಪಾಲು ನಿದ್ದೆ, ಎದ್ದರೆ ಕಳ್ಳತನ. ಗ್ಯಾರೇಜಿನ ನಟ್ಟು, ಸ್ಪಾರ್ಕ್ ಪ್ಲಗ್ಗು, ಗಿರಾಕಿಗಳ ಕೀಲಿಕೈ, ಏನು ಕಾಣೆಯಾದರೂ ಅದರ ಬುಟ್ಟಿಯಲ್ಲಿ ಸಿಗುತ್ತಿತ್ತು.

ತನ್ವೀರ ತರುವಾಗಲೇ ಇದು ವಿಲಾಯತಿ ಮುಂಗಲಿ ಎಂದು ಹೇಳಿಬಿಟ್ಟಿದ್ದ. ಮುಂಗುಸಿಗೆ ನಮ್ಮ ಕಡೆ ಮುಂಗಲಿ ಎನ್ನುತ್ತಾರೆ, ಬೆಳಿಗ್ಗೆ ಎದ್ದು ಅದರ ಮುಖ ನೋಡಿದರೆ ಹೋದ ಕೆಲಸ ಆಗುತ್ತದೆ ಎಂದು ನಂಬುತ್ತಾರೆ. ಹೀಗಾಗಿ ಪರೀಕ್ಷೆಗೆ ಹೊರಟವರು, ಹೆಣ್ಣು ನೋಡಲು ಹೊರಟವರು ಗ್ಯಾರೇಜಿಗೆ ಬಂದು ಬದಾಮನ ಮುಖ ನೋಡಿಕೊಂಡು ಹೋಗತೊಡಗಿದರು.

“ನಿಜಾಮ ಭಾಯ್, ಇದು ಖರೇನ ಮುಂಗಲಿ ಆಗಿದ್ರ ಅರಣ್ಯ ಇಲಾಖೆಯವ್ರು ಇಷ್ಟೊತ್ತಿಗೆ ನಿಮ್ಮನ್ನ ಕರಕೊಂಡ ಹೋಗ್ತಿದ್ರು. ಮುಂಗಲಿ ಸಾಕೂಹಂಗಿಲ್ಲ,” ಎಂದೆ ಒಮ್ಮೆ.

“ಮುಂಗಲಿ ಹಂಗ ಕಾಣತೈತಿ, ಮುಂಗಲಿ ಹಂಗ ಓಡತೈತಿ. ಮತ್ತೇನ್ರಿ ಟೀಚರ, ಆನೀನ?” ಎಂದು ಅವನು ನಕ್ಕ.

ಅವನ ತಾಯಿ ಇಮಾಮಬಿಗೂ ಅದು ಮುಂಗಲಿಯೇ. ಸೆಕೆ ತಡೆಯದ ಪ್ರಾಣಿಯಾದ್ದರಿಂದ ಮನೆಯಲ್ಲೇ ತಂಪಾದ ಒಳಕೋಣೆಯಲ್ಲಿ, ಇಮಾಮಬಿಯ ಮಂಚದ ಕೆಳಗೆ ಅದರ ಬುಟ್ಟಿ. ಅದೇ ಕೋಣೆಯಲ್ಲಿ ಆಕೆ ನಮಾಜು ಮಾಡುತ್ತಿದ್ದರು. ಮುಂಗಲಿ ಇದ್ದಲ್ಲಿ ಹಾವು ಬರುವುದಿಲ್ಲ ಎಂದು ಆಕೆಗೆ ಅದರ ಮೇಲೆ ಅಕ್ಕರೆ. ನಾನು ಹೆಚ್ಚು ವಾದಿಸಲು ಹೋಗಲಿಲ್ಲ. ಆಗ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಸಂಕ್ರಾಂತಿ ಮುಗಿದು ಸ್ವಲ್ಪ ದಿನಕ್ಕೆ ಓಣಿಯ ನಾಯಿಗಳಿಗೆ ರೋಗ ಬಂತು. ಕಣ್ಣು ಮೂಗು ಸೋರುವುದು, ಅನ್ನ ಬಿಡುವುದು, ಆಮೇಲೆ ಕಾಲು ನಡುಗಿ ಸೆಟೆದು ಬೀಳುವುದು. ಗ್ಯಾರೇಜಿನ ಬೆಂಚಿನ ಕೆಳಗೆ ಮಲಗುತ್ತಿದ್ದ ಕಪ್ಪು ನಾಯಿ ನನ್ನ ಕಣ್ಣೆದುರಿಗೇ ಒದ್ದಾಡಿ ಸತ್ತಿತು. ಅದರ ಪಕ್ಕದಲ್ಲೇ ಬದಾಮ ನೆಲ ಮೂಸುತ್ತಾ ಓಡಾಡುತ್ತಿತ್ತು. ವರ್ಷ ವರ್ಷ ಕರಿಹಲಗೆಯ ಮೇಲೆ ಬರೆದ ಕವಲುಗಳು ಒಮ್ಮೆಲೇ ಜೀವ ತಳೆದು ಎದುರಿಗೆ ನಿಂತಂತಾಯಿತು. ಮುಂಗಲಿ ಬೆಕ್ಕಿನ ಕಡೆಯದು. ಫೆರೆಟ್ ನಾಯಿಯ ಕಡೆಯದು.

ನನ್ನ ಗೆಳತಿ ಪೂನಮ್ ಹುಬ್ಬಳ್ಳಿಯಲ್ಲಿ ಪಶುವೈದ್ಯೆ. ಗ್ಯಾರೇಜಿನಿಂದಲೇ ಅವಳಿಗೆ ಫೋನ್ ಮಾಡಿದೆ.

“ನಾಯ್ಯಾಗ ಕೆಲವಾದ್ರೂ ಉಳೀತಾವ,” ಎಂದಳು ಪೂನಮ್. “ಫೆರೆಟ್ಟಿಗೆ ಈ ರೋಗ ಹತ್ತಿದ್ರ ಉಳಿಯೂದು ಸುಳ್ಳು. ನಾಯಿಗೆ ಹಾಕೂ ಎಲ್ಲಾ ಲಸಿಕೀನೂ ಅದಕ್ಕ ನಡಿಯೂದಿಲ್ಲ, ಕೆಲವು ಉಲ್ಟಾ ರೋಗಾನ ತರ್ತಾವ. ಅದಕ್ಕ ಹೊಂದೂದನ್ನ ನಾ ತರಸ್ತೇನಿ. ಸೂಜಿ ಮಾಡಿದ ಮ್ಯಾಲೂ ಕೆಲವು ವಾರ ಮನಿ ಒಳಗ ಇಡಬೇಕು. ನಾಯಿ ಓಡಾಡಿದಲ್ಲೆ ತುಳದ ಚಪ್ಪಲಿ ಸೈತ ಒಳಗ ಬರಬಾರದು.”

ಇದನ್ನು ನಾನು ಬುಶ್ರಾಳಿಗೆ ಹೇಳಿದೆ. ಆಕೆ ಓಡಿಹೋಗಿ ಮನೆಯಲ್ಲಿ, ನಾಯಿ ರೋಗ ಬದಾಮನಿಗೂ ಬರುತ್ತದಂತೆ, ನಾಯಿ ಕಡೆಯ ಪ್ರಾಣಿಯಂತೆ ಎಂದು ಒಂದೇ ಉಸಿರಿಗೆ ಒದರಿದಳು. ಮರುದಿನ ಬೆಳಿಗ್ಗೆ ಬದಾಮನ ಬುಟ್ಟಿ ಗ್ಯಾರೇಜಿನ ಕಟ್ಟೆಯ ಮೇಲಿತ್ತು. ಇಮಾಮಬಿ ಹೊರಗೆ ಹಾಕಿಸಿದ್ದರು. ನಮಾಜು ಮಾಡುವ ಕೋಣೆಯಲ್ಲಿ ನಾಯಿ ಇರುವಂತಿಲ್ಲ, ಮುಂಗಲಿ ಎಂದು ನಂಬಿ ಮಂಚದ ಕೆಳಗೆ ಇಟ್ಟುಕೊಂಡಿದ್ದೆ, ನಾಯಿಯಾದರೆ ಬೇಡ ಎಂದರಂತೆ. ಆಕೆಯ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ಕಟ್ಟೆಯ ಕೆಳಗೇ ರೋಗದ ನಾಯಿಗಳು ಬಂದು ಬೀಳುತ್ತಿದ್ದವು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಕೋಣೆ ಇದ್ದದ್ದು ಇಮಾಮಬಿಯದೊಂದೇ. ಅಲ್ಲಿಗೆ ಮರಳಿ ಹೋಗದಿದ್ದರೆ ಬದಾಮ ಸಾಯುತ್ತಿತ್ತು. ಇದರಲ್ಲಿ ಸಂಶಯವೇ ಇರಲಿಲ್ಲ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಿಜಾಮುದ್ದೀನ ಶಾಲೆಯ ಗೇಟಿಗೆ ಬಂದ. ಕೈಗೆ ಹತ್ತಿದ ಆಯಿಲ್ ಕೂಡ ಒರೆಸಿಕೊಂಡಿರಲಿಲ್ಲ.

“ಅಮ್ಮಾ ನಿಮ್ಮನ್ನ ಕರಿಯಾಕತ್ತಾಳ್ರಿ. ನಿಮ್ಮ ಬಾಯಿಲೆ ಕೇಳಬೇಕಂತ. ಟೀಚರ, ನೀವು ಒಂದ ಮಾತ ಹೇಳಿಬಿಡ್ರಿ. ಅದು ಮುಂಗಲೀನ, ಹುಡುಗಿಗೆ ತಪ್ಪ ತಿಳದೈತಿ ಅಂತ. ಬುಟ್ಟಿ ಒಳಗ ಹೋಗತೈತಿ. ಸೂಜಿ ನಾ ಸುಮ್ನ ಮಾಡಿಸಿಕೊಂಡ ಬರ್ತೇನಿ. ಹುಡುಗಿ ನಿನ್ನೆಯಿಂದ ಊಟಾ ಮಾಡಿಲ್ಲ.”

“ವಿಚಾರ ಮಾಡ್ತೇನಿ ಭಾಯ್,” ಎಂದೆ.

ಆ ದಿನದ ಉಳಿದ ತರಗತಿಗಳಲ್ಲಿ ನಾನು ಏನು ಕಲಿಸಿದೆನೋ ದೇವರಿಗೇ ಗೊತ್ತು. ಒಂದು ಸುಳ್ಳಿಗೆ ಒಂದು ಜೀವ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಹೇಳಿಬಿಡಬಾರದೇಕೆ? ಆದರೆ ನಾಲಿಗೆ ಒಪ್ಪಬೇಕಲ್ಲ. ಹಿಂದೊಮ್ಮೆ ಒಂದೂರಿನ ದೊಡ್ಡ ಮನೆಯವರು ತಮ್ಮ ಮೂಲಪುರುಷನನ್ನು ದೇಸಾಯರ ಕವಲಿಗೆ ಸೇರಿಸಿ ಹೇಳು ಎಂದು ನಮ್ಮಪ್ಪನಿಗೆ ಕೇಳಿಕೊಂಡಿದ್ದರು. “ಮನಿ ಬೇಕಾದ್ರ ಬದಲಿ ಮಾಡ್ಕೋರಿ, ಮನಿತನ ಬದಲಿ ಮಾಡಾಕ ನನ್ನ ಕಡಿಂದ ಆಗೂದಿಲ್ಲ,” ಎಂದು ಅಪ್ಪ ಅವರ ಮನೆಯ ನೀರೂ ಕುಡಿಯದೆ ಎದ್ದು ಬಂದ. ಅಂಥವನ ಮಗಳು ನಾನು. ವಂಶವನ್ನು ತಪ್ಪಾಗಿ ಹೇಳುವುದೆಂದರೆ ನನಗೆ ಎಂಜಲು ಉಂಡ ಹಾಗೆ. ಹಾಗಂತ ನನ್ನ ಬಿಗುಮಾನಕ್ಕೆ ಆ ಹುಡುಗಿಯ ಬದಾಮ ಸತ್ತರೆ? ಶಾಲೆ ಬಿಟ್ಟಾಗಲೂ ನನಗೆ ಇದು ಬಗೆಹರಿದಿರಲಿಲ್ಲ.

ಗ್ಯಾರೇಜಿನ ಕಟ್ಟೆಯ ಮೇಲೆ ಬುಶ್ರಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುತ್ತ ಯಾವ ನಾಯಿ ಬಂದರೂ ಓಡಿಸಲು ಕೈಯಲ್ಲೊಂದು ಕೋಲು. ನನ್ನನ್ನು ನೋಡಿ ಎದ್ದಳು. ಕಣ್ಣು ಬಾತಿದ್ದವು. ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ.

ಇಮಾಮಬಿ ಅಂಗಳದಲ್ಲಿ ಕೂತಿದ್ದರು. ಕೂರು ಎಂದು ಕಟ್ಟೆ ತೋರಿಸಿದರು.

“ನೀ ಹೆಬ್ಬಳ್ಳಿ ಹೆಳವರ ಮಗಳಂತ? ಬುಶ್ರಾ ಹೇಳಿದ್ಲು. ನನಗ ಗೊತ್ತಿರಲಿಲ್ಲವಾ.”

“ಹೌದ್ರಿ ಅಮ್ಮಾ. ಗೋವಿಂದಪ್ಪನ ಮಗಳು.”

“ಅವನಪ್ಪ, ಅಂದ್ರ ನಿಮ್ಮಜ್ಜ, ಎತ್ತಿನ ಮ್ಯಾಲ ನಮ್ಮೂರಿಗೆ ಬರ್ತಿದ್ದ. ನನ್ನ ತವರಮನಿ ಸುಳ್ಳ. ಬಾಜೂ ಗೌಡರ ಕಟ್ಟಿ ಮ್ಯಾಲ ಕುಂತು ಅವರ ವಂಶಾ ಹೇಳ್ತಿದ್ದ. ನಾ ಸಣ್ಣಾಕಿ, ಗ್ವಾಡಿ ಮ್ಯಾಲ ಏರಿ ಕೇಳ್ತಿದ್ದೆ. ಸತ್ತವರ ಹೆಸರ ಬಂದಾಗ ಗೌಡಶ್ಯಾನಿ ಅಳತಿದ್ಲು.” ಆಕೆ ಸೆರಗು ಸರಿಮಾಡಿಕೊಂಡರು. “ಟೀಚರಾಗಿ ಹೇಳಬ್ಯಾಡ. ಟೀಚರಗೋಳು ಹುಡುಗೂರ ಮನಸ ನೋಡಿ ಹೇಳ್ತಾರ. ಹೆಳವರಾಕಿಯಾಗಿ ಹೇಳು. ನಾ ಸುಳ್ಳದಾಕಿ, ನನ್ನ ಮುಂದ ಸುಳ್ಳು ನಡಿಯೂದಿಲ್ಲ. ಇದು ಯಾರ ಪೈಕಿ?”

ಆಕೆಯ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ನಿಜಾಮುದ್ದೀನ ನನಗೆ ಕೈ ಮುಗಿಯುತ್ತಿದ್ದ. ಅರ್ಥವಾಯಿತು. ಆದರೆ ಹೆಳವರಾಕಿಯಾಗಿ ಹೇಳು ಎಂದ ಮೇಲೆ ಮುಗಿಯಿತು. ನನ್ನ ಜೀವಮಾನದಲ್ಲಿ ಯಾರೂ ಆ ಮಾತನ್ನು ನನಗೆ ಹೇಳಿರಲಿಲ್ಲ. ನಮ್ಮಲ್ಲಿ ವಂಶ ಹೇಳುವವರು ಗಂಡಸರು. ಅಪ್ಪ ಅಣ್ಣನಿಗೆ ಕಲಿಸುವಾಗ ನಾನು ಒಲೆಯ ಮುಂದೆ ಕೂತು ಕೇಳಿಸಿಕೊಂಡವಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಅಪ್ಪನಂತೆ ಒಂದು ಕೈ ಕಿವಿಗೆ ಹಚ್ಚಿ, ದನಿ ಎತ್ತಿದೆ.

“ಕೇಳ್ರಿ ಅಮ್ಮಾ, ಬದಾಮನ ಮನಿತನ ಹೇಳ್ತೇನಿ. ಇದ್ದದ್ದು ಬಿಡೂದಿಲ್ಲ, ಇಲ್ಲದ್ದು ಕೂಡಸೂದಿಲ್ಲ. ಭಾಳ ಹಿಂದ, ಮನಶ್ಯಾ ಇನ್ನೂ ಹುಟ್ಟದಾಗ, ಗಿಡದ ಮ್ಯಾಲ ಒಂದು ಸಣ್ಣ ಪ್ರಾಣಿ ಇತ್ತು. ಬ್ಯಾಟಿ ಆಡಿ ಹೊಟ್ಟಿ ಹೊರೀತಿತ್ತು. ಅದು ಮೂಲಪುರುಷ. ಅದರ ವಂಶ ಎರಡು ಕವಲಾತು. ಒಂದು ಬೆಕ್ಕಿನ ಕವಲು, ಒಂದು ನಾಯಿ ಕವಲು. ಬೆಕ್ಕಿನ ಕವಲಿನಾಗ ಹುಲಿ ಬಂತು, ಚಿರತಿ ಬಂತು, ಪುನುಗಿನ ಬೆಕ್ಕು ಬಂತು, ನಾಯಿ ಹಂಗ ಕಾಣೂ ಕತ್ತಿಕಿರುಬಾನೂ ಅಲ್ಲೇ ಬಂತು. ಮುಂಗಲಿ ಆ ಕವಲಿಂದು. ಬದಾಮ ಆ ಕವಲಿನಾಂವ ಅಲ್ಲ.”

ನಿಜಾಮುದ್ದೀನ ಹಣೆಗೆ ಕೈ ಹಚ್ಚಿಕೊಂಡ.

“ಅಂದ್ರ ನಾಯೀನ,” ಎಂದರು ಇಮಾಮಬಿ.

“ತಡೀರಿ. ಹೆಳವರು ನಡುವ ನಿಲ್ಲಸೂದಿಲ್ಲ. ನಾಯಿ ಕವಲಿನಾಗ ಮೊದಲ ಪಾಲ ತಗೊಂಡು ಹೊರಗ ಬಿದ್ದವರ ನಾಯಿ, ತೋಳ, ನರಿ. ಅವರ ಮನಿ ಆವತ್ತ ಬ್ಯಾರೆ ಆತು. ಉಳದವರಾಗ ಕರಡಿ ಬ್ಯಾರೆ ಆತು. ಸೀಲ್ ಅಂಬೋ ಪ್ರಾಣಿ ಸಮುದ್ರಕ್ಕ ಇಳೀತು. ಕೆಂಪ ಪಾಂಡಾ ಗುಡ್ಡಾ ಏರಿತು. ನಾತಾ ಹೊಡಿಯೂ ಸ್ಕಂಕ್, ಕೈ ತೊಳಿಯೂ ರಕೂನ್, ಅವೂ ಬ್ಯಾರೆ ಬ್ಯಾರೆ ಒಲಿ ಹೂಡಿದ್ವು. ಕಡೀಕ ಉಳದದ್ದು ಬದಾಮನ ಮನಿತನ. ಉದ್ದ ಮೈ, ಗಿಡ್ಡ ಕಾಲು, ಬಾಲದ ಬುಡಕ ವಾಸನಿ ಚೀಲ, ಇದು ಆ ಮನಿತನದ ಗುರ್ತು. ಆ ಮನ್ಯಾಗ ಒಬ್ಬಾಂವ ಹೊಳಿಗೆ ಇಳದ, ಅಂವ ನೀರನಾಯಿ, ದಾಂಡೇಲಿ ಕಾಳಿ ಹೊಳ್ಯಾಗ ಇವತ್ತಿಗೂ ಅದಾನ. ಒಬ್ಬಾಂವ ಜೇನಿನ ಬೆನ್ನ ಹತ್ತಿದ, ಅಂವ ತರಕರಡಿ. ಒಬ್ಬಾಂವ ಗಿಡಾ ಏರಿದ, ಅಂವ ಮಾರ್ಟನ್. ಒಬ್ಬಾಂವ ಬಿಲಾ ಹೊಕ್ಕು ಇಲಿ ಹಿಡದ, ಅಂವ ವೀಸಲ್. ಈ ವೀಸಲ್ಲಿನ ಖಾಸ ತಮ್ಮ ಪೋಲ್‌ಕ್ಯಾಟ್, ಯುರೋಪಿನ ಅಡವ್ಯಾಗಿನಾಂವ. ಅವನ ಮಕ್ಕಳನ್ನ ಅಲ್ಲಿ ಮಂದಿ ಮೊಲಾ ಹಿಡಿಯಾಕ ಸಾವಿರಾರು ವರ್ಷದ ಹಿಂದ ಸಾಕಿದ್ರು. ಸಾಕಿದ ಮಕ್ಕಳಿಗೆ ಫೆರೆಟ್ ಅಂದ್ರು. ಅದರಾಗ ಒಬ್ಬಾಂವ ಪುಣೇಕ ಬಂದ, ತನ್ವೀರನ ಕೈಲೆ ಧಾರವಾಡಕ್ಕ ಬಂದ, ಮಾಳಮಡ್ಡ್ಯಾಗ ನಿಜಾಮುದ್ದೀನ ಮಿಸ್ತ್ರಿ ಮನ್ಯಾಗ, ಇಮಾಮಬಿಯವರ ಮಂಚದ ಬುಡಕ ನೆಲಿ ನಿಂತ. ಅವನ ಹೆಸರ ಬದಾಮ.”

ನಾನು ಕೈ ಇಳಿಸಿದೆ. ಗ್ಯಾರೇಜಿಗೆ ಬಂದಿದ್ದ ಗಿರಾಕಿಗಳು ಬಾಗಿಲಲ್ಲಿ ಬಂದು ನಿಂತದ್ದು ಆಗ ಕಂಡಿತು. ನನಗೆ ನಾಚಿಕೆ ಆಗಲಿಲ್ಲ, ಹೆಮ್ಮೆ ಎನಿಸಿತು. ಆದರೆ ಇಮಾಮಬಿಯ ಮುಖ ಸಡಿಲಾಗಿರಲಿಲ್ಲ.

“ನೀರನಾಯಿ ಇದರ ಅಣ್ಣತಮ್ಮ ಅಂದಿ. ಹೆಸರಿನಾಗ ನಾಯಿ ಐತಲ್ಲವಾ.”

“ಹೆಸರು ಮಂದಿ ಇಟ್ಟದ್ದು ಅಮ್ಮಾ. ನೀರನಾಯಿ ನಾಯಿ ಅಲ್ಲ, ತರಕರಡಿ ಕರಡಿ ಅಲ್ಲ. ನಮ್ಮ ಕಡೆ ಹುಲಿ ಅಂತ ಅಡ್ಡಹೆಸರಿನವ್ರು ಅದಾರ, ಒಬ್ಬರ ಮೈಮ್ಯಾಲರೆ ಪಟ್ಟಿ ಐತೇನ್ರಿ?”

ಬಾಗಿಲಲ್ಲಿದ್ದವರು ನಕ್ಕರು. ಇಮಾಮಬಿ ನಗಲಿಲ್ಲ.

“ಆತು. ನಾಯಿ ಮನಿ ಬ್ಯಾರೆ, ಇದರ ಮನಿ ಬ್ಯಾರೆ. ಹಂಗಾದ್ರ ನಾಯಿ ರೋಗ ಇದಕ್ಕ ಯಾಕ ಬರಬೇಕು?”

ಅಸಲು ಪ್ರಶ್ನೆ ಅದೇ. ಇದಕ್ಕೆ ಉತ್ತರ ಕೊಡದಿದ್ದರೆ ನಾನು ಹೇಳಿದ ವಂಶವೆಲ್ಲ ಹೊಳೆಗೆ ಹಾಕಿದಂತೆ. ವೈರಸ್ಸು, ಜೀವಕೋಶ ಎಂದು ಪಾಠ ಮಾಡಲು ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು ಬೇರೆ.

“ಸುಳ್ಳದಾಗ ನೀವು ಸೂತಕ ನೋಡೀರಿಲ್ಲೋ ಅಮ್ಮಾ?”

“ಏನಂದಿ?”

“ಸೂತಕ. ಗೌಡರ ಮನಿತನದಾಗ ಎಲ್ಲೋ ದೂರದ ಊರಾಗ ಒಬ್ಬಾಂವ ಸಾಯ್ತಾನ. ಇವರು ಅವನ ಮುಖಾ ನೋಡಿರೂದಿಲ್ಲ. ಅವನ ಮನ್ಯಾಗ ನೀರ ಕುಡದಿರೂದಿಲ್ಲ. ಪಾಲ ಆಗಿ ಎಷ್ಟೋ ತಲಿ ಕಳದಿರತಾವ. ಆದ್ರೂ ಸುದ್ದಿ ಮುಟ್ಟಿದ ಕೂಡಲೆ ಇವರಿಗೂ ಸೂತಕ. ಯಾಕ? ಹಿಂದ ಎಲ್ಲೋ ಒಂದ ಮನಿ ಇದ್ದದ್ದಕ್ಕ. ಸೂತಕ ಬಂತಂತ ಇವರು ಅವನ ಮನಿಯವರು ಆಗೂದಿಲ್ರಿ. ತಮ್ಮ ಮನ್ಯಾಗ ತಾವು ಇರ್ತಾರ, ಬಾಗಲಾ ಹಾಕ್ಕೊಂಡು ಆ ದಿನಾ ಕಳೀತಾರ. ನಾಯಿ ರೋಗ ಬದಾಮಗ ಹಂಗ ಬರೂದು. ಬೆಕ್ಕಿಗೆ ಇಷ್ಟ ಮುಟ್ಟೂದಿಲ್ಲ, ಅದರ ಕವಲ ದೂರಾತು. ಇದಕ್ಕ ಮುಟ್ಟತೈತಿ. ಆದ್ರ ಇದು ನಾಯಿ ಅಲ್ಲ.”

ಇಮಾಮಬಿ ಹೊರಬಾಗಿಲ ಕಡೆ ನೋಡಿದರು. ಹೊರಗೆ ಬುಶ್ರಾ ಯಾವುದೋ ನಾಯಿಯನ್ನು ಹಚಾ ಹಚಾ ಎಂದು ಓಡಿಸುವುದು ಕೇಳಿಸಿತು.

“ಖರೇ,” ಎಂದರು ಆಕೆ. “ಗೌಡಶ್ಯಾನಿ ಒಮ್ಮೆ ಹಬ್ಬದ ಅಡಗಿ ಒಲಿ ಮ್ಯಾಲ ಇದ್ದದ್ದು ಇಳಿಸಿ ತಲಿ ಮ್ಯಾಲ ನೀರ ಹಾಕ್ಕೊಂಡ್ಲು. ಯಾರ ಸತ್ರು ಅಂತ ನಾ ಕೇಳಿದ್ದಕ್ಕ, ನನಗೂ ಗೊತ್ತಿಲ್ಲ, ಹೆಳವ ಹೇಳಿದ್ರ ಗೊತ್ತಾದೀತು ಅಂದಿದ್ಲು.” ಆಮೇಲೆ ಮಗನ ಕಡೆ ತಿರುಗದೆಯೇ ಹೇಳಿದರು: “ನಿಜಾಮ, ನೀ ಹಿಂದ ನಿಂತು ಕೈ ಮುಗದದ್ದು ನನಗ ಗೊತ್ತೈತಿ. ಈಕಿ ನಾಯಿ ಹೆಸರ ಮುಚ್ಚಿಟ್ಟಿದ್ರ ನಾ ಒಂದ ಮಾತೂ ನಂಬತಿರಲಿಲ್ಲ. ಬುಟ್ಟಿ ಅಲ್ಲೇ ಇರ್ತಿತ್ತು. ನಾಯಿ ಹೆಸರ ತಗೊಂಡ್ಲು, ಅದಕ್ಕ ಉಳದದ್ದೂ ಖರೇ.”

ಬದಾಮ ಒಳಗೆ ಬಂತು. ಬುಶ್ರಾ ಬುಟ್ಟಿ ಹಿಡಿದು ನನ್ನ ಮುಂದಿನಿಂದ ಹಾದುಹೋಗುವಾಗ ಕೋಲನ್ನು ನನ್ನ ಕೈಗೆ ಕೊಟ್ಟು ಒಳಕೋಣೆಗೆ ಓಡಿದಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಆಸ್ಪತ್ರೆಯವರೂ ನೋಡಿ ಕಲಿಯಬೇಕು. ಪೂನಮ್ ಬಂದು ಸೂಜಿ ಮಾಡಿ ಹೋದಳು. ಒಳಕೋಣೆಯ ಹೊಸ್ತಿಲಲ್ಲಿ ಇಮಾಮಬಿಯದೇ ಕಾವಲು. ಕೈಕಾಲು ತೊಳೆಯದೆ, ಬಟ್ಟೆ ಬದಲಿಸದೆ ಸ್ವಂತ ಮಗನನ್ನೂ ಒಳಗೆ ಬಿಡಲಿಲ್ಲ. ಮುಖ ನೋಡಲು ಬಂದವರಿಗೆ, “ಅದಕ್ಕ ಸೂತಕ ಐತಿ, ಮುಂದಿನ ತಿಂಗಳ ಬರ್ರಿ,” ಎಂದು ಹೇಳಿ ಕಳಿಸಿದರು. ಓಣಿಯಲ್ಲಿ ಇನ್ನಷ್ಟು ನಾಯಿಗಳು ಸತ್ತವು, ಕೆಲವು ಬದುಕಿದವು, ರೋಗ ತಾನಾಗಿ ತಗ್ಗಿತು. ಬದಾಮ ಒಂದು ಸೀನು ಕೂಡ ಸೀನಲಿಲ್ಲ. ಬಾಗಿಲು ತೆರೆದ ದಿನವೇ ನನ್ನ ಸ್ಕೂಟಿಯ ಕೀಲಿ ಕದ್ದಿತು.

ಅದೇ ದಿನ ಇಮಾಮಬಿ ಒಳಗೆ ಹೋಗಿ ಮೊರದ ತುಂಬ ಜೋಳ ತಂದರು. ಸುಳ್ಳದಿಂದ ಬಂದ ಹೊಸ ಜೋಳ.

“ಸೆರಗ ಹಿಡಿ.”

“ಯಾಕ್ರಿ ಅಮ್ಮಾ? ನನಗ ಪಗಾರ ಬರ್ತೈತಿ.”

“ಪಗಾರ ಟೀಚರಗ ಬರ್ತೈತಿ. ಹೆಳವರನ್ನ ಬರಿಗೈಲೆ ಕಳಸಬಾರದು. ಗೌಡರ ಮನ್ಯಾಗ ನೋಡೇನಿ ನಾ. ಹಿಡಿ.”

ವಂಶ ಹೇಳಿದ್ದಕ್ಕೆ ಕೊಡುವ ಕಾಳನ್ನು ನಮ್ಮ ಮನೆಯ ಹೆಣ್ಣೊಬ್ಬಳು ತನ್ನ ಸೆರಗಿನಲ್ಲಿ ಪಡೆದದ್ದನ್ನು ನಾನು ನೋಡಿಲ್ಲ, ಕೇಳಿಲ್ಲ. ಸೆರಗು ಹಿಡಿದೆ. ಭಾರವಾಯಿತು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವ ಕಾರಣ ನನಗೆ ಕಾಣಲಿಲ್ಲ.

ರವಿವಾರ ಹೆಬ್ಬಳ್ಳಿಗೆ ಹೋದಾಗ ಗಂಟು ಬಿಚ್ಚಿ ಅಪ್ಪನ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅಣ್ಣ ಹನುಮೇಶ ಅಲ್ಲೇ ಕೂತಿದ್ದ. ಅಪ್ಪ ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾ ಒಂದೇ ಮಾತು ಕೇಳಿದ.

“ನಾಯಿ ಹೆಸರ ಬಿಡಲಿಲ್ಲ ಹೌದಿಲ್ಲೋ?”

“ಬಿಡಲಿಲ್ಲ.”

ನಮ್ಮಲ್ಲಿ ಹೊಲ ಪಾಲಾಗುವುದಿಲ್ಲ, ಇದ್ದರಲ್ಲವೇ ಪಾಲಾಗಲು. ಪಾಲಾಗುವುದು ಮನೆಗಳು. ಯಾವ ಮನೆಯ ವಂಶ ಹೇಳುವ ಹಕ್ಕು ಯಾವ ಮಗನಿಗೆ ಎಂದು ಅಪ್ಪ ಹಂಚಿಕೊಡುತ್ತಾನೆ, ಒಬ್ಬನ ಮನೆಗೆ ಇನ್ನೊಬ್ಬ ಕಾಲಿಡುವಂತಿಲ್ಲ. ಹೆಣ್ಣುಮಕ್ಕಳಿಗೆ ಆ ಪಾಲು ಇಲ್ಲ. ಅಪ್ಪ ಅಂಗೈಯ ಜೋಳವನ್ನು ತಿರುಗಿ ಗಂಟಿಗೆ ಸುರಿದು, ಅಣ್ಣನ ಕಡೆ ನೋಡಿದ.

“ಹನುಮೇಶ, ಮಾಳಮಡ್ಡಿ ನಿಜಾಮುದ್ದೀನ ಮಿಸ್ತ್ರಿ ಮನಿ ನಿಮ್ಮ ತಂಗೀದು. ನೀ ಆ ಹೊಸ್ತಿಲಾ ತುಳಿಯೂಹಂಗಿಲ್ಲ.”

“ಆತಪಾ,” ಎಂದ ಅಣ್ಣ.